ಕಂಡಕ್ಟರ್ ಕಸ್ತೂರಿಯ ಬಾಯೊಳಗಿನ ಗೂಟ

ಕಸ್ತೂರಿಯ ಬಾಯಿಂದ ಮೊದಲನೆಯ ಸ್ಕ್ರೂ ಬಿದ್ದದ್ದು ತಿನ್ನುತ್ತಿದ್ದ ಚುರುಮುರಿ ಗಿರಮಿಟ್ಟಿನೊಳಗೆ. ಹುರಿದ ಶೇಂಗಾ ಇರಬೇಕೆಂದು ಅಗಿಯಲು ಹೋದಳು, ಕಟ್ಟೆಂದಿತು. ಎರಡನೆಯದು ಎಲ್ಲಿ ಬಿತ್ತೆಂದು ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ. ನುಂಗಿರಬಹುದು, ಚಿಂತೆಯಿಲ್ಲ, ತಾನಾಗಿ ಹೊರಗೆ ಹೋಗುತ್ತದೆ ಎಂದು ಡಾಕ್ಟರು ಅಂದದ್ದನ್ನು ಮನೆಗೆ ಬಂದು ಹೇಳಿದಾಗ, ಅತ್ತೆ ಸಂಗವ್ವ ಜೋಳ ಹಸನು ಮಾಡುತ್ತಿದ್ದ ಮೊರದಿಂದ ತಲೆಯೆತ್ತದೆ ಅಂದಳು:

"ಬಾಯಾಗಂತೂ ನಿಲ್ಲಲಿಲ್ಲ. ಹೊಟ್ಟ್ಯಾಗರ ಗಟ್ಟಿ ಕುಂತೀತು ಬಿಡು."

ಗಂಡ ಬಸು ಹಿಟ್ಟಿನ ಗಿರಣಿಯವನು. ನಗು ತಡೆಯಲಾಗದೆ ಅವನ ಹುಬ್ಬಿನ ಮೇಲಿನ ಹಿಟ್ಟೆಲ್ಲ ಉದುರಿತು. ಕಸ್ತೂರಿ ನಕ್ಕಳೋ ಇಲ್ಲವೋ, ಅದನ್ನು ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ.

ತೊಂದರೆ ಇದ್ದದ್ದೇ ಅಲ್ಲಿ. ಮೇಲಿನ ಹಲ್ಲುಸಾಲು ಮುಂದಕ್ಕೆ ಚಾಚಿದ್ದರಿಂದ ಅವಳ ತುಟಿಗೆ ತುಟಿ ಕೂಡುತ್ತಿರಲಿಲ್ಲ. ನೋಡಿದವರಿಗೆಲ್ಲ ಅವಳು ಸದಾ ನಗುತ್ತಿರುವ ಹೆಂಗಸು. ಶಾಲೆಯಲ್ಲಿ ಯಾರದೋ ಸಾವಿಗೆ ಮೌನವಾಗಿ ನಿಂತಾಗ ಮಾಸ್ತರರು ಬಂದು ಕಿವಿ ಹಿಂಡಿದ್ದರು. ಅಪ್ಪನ ಹೆಣದ ಮುಂದೆ ಕೂತಾಗ ದೂರದ ಬೀಗರೊಬ್ಬರು "ಹೆಂಗ ಹಲ್ಲು ಕಿಸ್ಕೊಂಡು ಕುಂತಾಳ ನೋಡ" ಎಂದದ್ದು ಅವಳ ಕಿವಿಗೆ ಬಿದ್ದಿತ್ತು. ಸರಕಾರಿ ಬಸ್ಸಿನ ಕಂಡಕ್ಟರಾದ ಮೇಲಂತೂ ಕೇಳುವುದೇ ಬೇಡ. ಟಿಕೀಟಿಲ್ಲದೆ ಸಿಕ್ಕಿಬಿದ್ದವನನ್ನು ಕಂಡಾಪಟ್ಟೆ ಬೈದರೆ ಅವನೂ ಹಲ್ಲು ಬಿಟ್ಟು, "ಇರ್ಲಿ ಬಿಡ್ರಿ ಅಕ್ಕಾರ, ನೀವೂ ನಗಾಕತ್ತೀರಿ" ಎನ್ನುತ್ತಿದ್ದ. ಸಿಟ್ಟು ಬಂದಾಗ ಸಿಟ್ಟು ಬಂದಂತೆ, ದುಃಖವಾದಾಗ ದುಃಖವಾದಂತೆ ಕಾಣುವ ಒಂದು ಮುಖ ಕಸ್ತೂರಿಗೆ ಬೇಕಾಗಿತ್ತು. ಚೆಲುವೆಯಾಗಬೇಕೆಂಬ ಆಸೆಯೇನಲ್ಲ. ಬಾಯಿ ಮುಚ್ಚಬೇಕು, ಅಷ್ಟೇ.

ಹುಬ್ಬಳ್ಳಿಯ ದಂತ ಕಾಲೇಜಿನಲ್ಲಿ ಎರಡು ಹಲ್ಲು ಕಿತ್ತು ಜಾಗ ಮಾಡಿಕೊಟ್ಟಿದ್ದರು. ಇನ್ನು ಮುಂದಿನ ಹಲ್ಲುಗಳನ್ನು ಸಣ್ಣ ಸ್ಪ್ರಿಂಗಿನಿಂದ ನಿಧಾನವಾಗಿ ಆ ಜಾಗಕ್ಕೆ ಎಳೆಯಬೇಕು. ಸ್ಪ್ರಿಂಗಿನ ಇನ್ನೊಂದು ತುದಿಯನ್ನು ದವಡೆ ಹಲ್ಲಿಗೆ ಕಟ್ಟಿದರೆ ಮುಂದಿನದು ಹಿಂದೆ ಹೋಗುವ ಬದಲು ಹಿಂದಿನದೇ ಮುಂದೆ ಬಂದುಬಿಡುತ್ತದೆ. ಆದ್ದರಿಂದ ಎರಡೂ ಕಡೆ ದವಡೆಯ ಮೂಳೆಗೇ ಒಂದೊಂದು ಸ್ಕ್ರೂ ತಿರುಗಿಸಿ, ಅದಕ್ಕೆ ಕಟ್ಟುವುದು. ಜೀರಿಗೆ ಕಾಳಿಗಿಂತ ತುಸು ದಪ್ಪ.

"ಎತ್ತು ಕಟ್ಟೂ ಗೂಟ ಇರ್ತದಲ್ಲ, ಹಂಗ" ಎಂದು ಡಾ. ಸಿಂಚನಾ ಅಣ್ಣಿಗೇರಿ ವಿವರಿಸಿದ್ದಳು. ಕಸ್ತೂರಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಮಾತಾಡುವಾಗ ಕೈಗವಸಿನಲ್ಲೇ ಕೂದಲು ಸರಿಮಾಡಿಕೊಂಡು, ಮತ್ತೆ ಕೈಗವಸು ಬದಲಿಸುವ ಹೆಂಗಸು.

"ನೆಲಾನ ಮೆತ್ತಗಿದ್ರ ಗೂಟ ಏನ್ ಮಾಡೀತ್ರಿ ಮೇಡಂ?" ಎಂದಿದ್ದಳು ಕಸ್ತೂರಿ, ಎರಡನೆಯ ಸ್ಕ್ರೂ ಹೋದ ಮೇಲೆ. ಅವಳ ಮೂಳೆ ಮೆತ್ತಗಿತ್ತು. ಗೂಟದ ಸುತ್ತ ಕೆಂಪಾಗಿ ಬಾತು, ಹಿಡಿತ ಬಿಟ್ಟುಕೊಡುತ್ತಿತ್ತು.

ಸಿಂಚನಾಳ ತಲೆಯಲ್ಲಿ ಅವತ್ತೇ ಹುಳ ಹೊಕ್ಕಿತು: ಗೂಟ ಬದಲಿಸುವ ಬದಲು ನೆಲಕ್ಕೇ ಔಷಧಿ ಕೊಟ್ಟರೆ?

ಮೂಳೆ ಬೆಳೆಸುವ ಔಷಧಿ ಇರಲಿಲ್ಲವೆಂದಲ್ಲ. ಆದರೆ ಅದನ್ನು ನುಂಗಿದರೆ ಅದು ಮೈಯೆಲ್ಲ ಸುತ್ತುತ್ತದೆ. ಒಂದು ಗೂಡಿನ ದೀಪಕ್ಕೆಂದು ಓಣಿಗೆಲ್ಲ ಎಣ್ಣೆ ಸುರಿದ ಹಾಗೆ. ಬೇಕಾದದ್ದು ಜೀರಿಗೆ ಕಾಳಿನ ಸುತ್ತಳತೆಗೆ ಮಾತ್ರ. ಪ್ರಯೋಗಾಲಯದ ತೌಸೀಫ್ ಮುಲ್ಲಾ ಎಂಬ ಎಂಜಿನಿಯರ್ ಅದಕ್ಕೊಂದು ಲೇಪ ಮಾಡಿದ. ಅಂಟಂಟಾದ ಆ ಲೇಪದೊಳಗೆ ಗಸಗಸೆಗಿಂತ ಎಷ್ಟೋ ಸಣ್ಣ ಕಾಳುಗಳು, ಕಾಳಿನೊಳಗೆ ಔಷಧಿ. ಎಲ್ಲ ಕಾಳೂ ಒಮ್ಮೆಲೇ ಒಡೆದರೆ ಔಷಧಿ ಎಂಜಲಿನೊಡನೆ ಹರಿದುಹೋದೀತು. ಅದಕ್ಕೆ ಅವನು, ಸ್ಕ್ರೂ ಕದಲಿದಾಗ ಮಾತ್ರ, ಕದಲಿದಷ್ಟು ಮಾತ್ರ ಕಾಳು ಬಾಯಿಬಿಡುವಂತೆ ಮಾಡಿದ. ಗೂಟ ಅಲುಗಿತೋ, ಒಂದು ಚಿಟಿಕೆ ಔಷಧಿ. ಮೂಳೆ ಎಚ್ಚೆತ್ತು ಹಿಡಿ ಬಿಗಿ ಮಾಡುತ್ತದೆ. ಮೊಲಗಳಲ್ಲಿ ಎಂಥ ಹಿಡಿತ ಬಂತೆಂದರೆ ಸ್ಕ್ರೂ ತೆಗೆಯಲು ಹೋಗಿ ಉಪಕರಣದ ತುದಿಯೇ ಮುರಿಯಿತು. ಆ ಖುಷಿಗೆ ತೌಸೀಫ್ ಇಡೀ ವಿಭಾಗಕ್ಕೆ ಮಿಸಳ ತಿನ್ನಿಸಿದ.

ಆಮೇಲೆ ಮನುಷ್ಯರ ಸರದಿ. ಕಸ್ತೂರಿ ಮೊದಲ ಸಾಲಿನಲ್ಲೇ ಒಪ್ಪಿ ಕೂತಳು.

*

ಪ್ರಯೋಗಾಲಯದ ಒಂದು ಗೋಡೆ ಪೂರ್ತಿ ಪರದೆ. ಪ್ರತಿ ಸ್ಕ್ರೂವಿನ ತಲೆಯೊಳಗೂ ಧೂಳಿನ ಕಣದಂಥ ಒಂದು ಯಂತ್ರವಿತ್ತು. ತಾನು ಎಷ್ಟು ಬಿಗಿಯಾಗಿದ್ದೇನೆ, ಎಷ್ಟು ಅಲುಗಿದೆ ಎಂಬುದನ್ನು ಅದು ರೋಗಿಯ ಮೊಬೈಲಿಗೆ, ಮೊಬೈಲು ಈ ಗೋಡೆಗೆ ಹೇಳುತ್ತಿತ್ತು. ಒಂದು ಸ್ಕ್ರೂಗೆ ಒಂದು ಚುಕ್ಕೆ. ಹಸಿರು ಎಂದರೆ ಗಟ್ಟಿ, ಹಳದಿ ಎಂದರೆ ಸಡಿಲ, ಕೆಂಪು ಎಂದರೆ ಗಿರಮಿಟ್ಟು.

ಕಸ್ತೂರಿಯನ್ನು ಕರೆಸಿದ ದಿನ ಗೋಡೆ ತುಂಬ ಹಳದಿ ಹೂ ಬಿಟ್ಟಂತಿತ್ತು. ಎಡಮೂಲೆಯಲ್ಲಿ ಎರಡು ಚುಕ್ಕೆ ಮಾತ್ರ ಹಸಿರು.

"ಇವು ಯಾರವ್ರಿ?"

"ನಿಮ್ಮವ" ಎಂದಳು ಸಿಂಚನಾ. ಧ್ವನಿಯಲ್ಲಿ ಸಂತೋಷಕ್ಕಿಂತ ಸಂಕಟ ಹೆಚ್ಚಿತ್ತು. "ಎಲ್ಲಾರಿಗಿಂತ ಮೆತ್ತಗಿನ ಮೂಳಿ ನಿಮ್ಮದು. ಎಲ್ಲಾರಿಗಿಂತ ಗಟ್ಟಿ ಸ್ಕ್ರೂನೂ ನಿಮ್ಮದು. ಯುಗಾದಿಗೆ ಸಮಿತಿ ಕೂಡತದ. ಗೋಡಿ ಹಿಂಗ ಇದ್ರ ಪ್ರಯೋಗ ನಿಲ್ಲಸ್ರಿ, ಎಲ್ಲಾರ ಸ್ಕ್ರೂ ತಗೀರಿ ಅಂತಾರ."

"ನನ್ನವೂನ?"

"ನಿಮ್ಮವೂನ. ಒಂದ ಲೇಪ, ಒಂದ ನಿಯಮ."

ಕಸ್ತೂರಿ ನಾಲಿಗೆಯಿಂದ ಕಿತ್ತ ಹಲ್ಲಿನ ಜಾಗ ಮುಟ್ಟಿನೋಡಿದಳು. ಎಳೆತ ಇನ್ನೂ ಅರ್ಧವೂ ಆಗಿರಲಿಲ್ಲ. ಇಲ್ಲಿಗೇ ಬಿಟ್ಟರೆ ಉಬ್ಬುಹಲ್ಲೂ ಉಳಿಯಿತು, ನಡುವೆ ಎರಡು ಕಿಂಡಿಯೂ ಉಳಿಯಿತು. ಮೊದಲು ನಗುವವಳಂತೆ ಕಾಣುತ್ತಿದ್ದಳು. ಇನ್ನು ಮೇಲೆ ಕಿಟಕಿ ತೆಗೆದು ನಗುವವಳಂತೆ.

ಪ್ರಶ್ನೆಗಳು ಶುರುವಾದವು. ಏನು ಉಣ್ಣುತ್ತೀರಿ? ಯಾವ ಪುಡಿಯಿಂದ ಹಲ್ಲು ತಿಕ್ಕುತ್ತೀರಿ? ಮಲಗುವುದು ಎಡಕ್ಕೋ ಬಲಕ್ಕೋ? ರಾತ್ರಿ ಹಲ್ಲು ಕಡಿಯುತ್ತೀರಾ?

"ಹಲ್ಲು ಕಡಿಯೂದಾ? ಅತ್ತಿ ಮ್ಯಾಲೆ ಒಮ್ಮೊಮ್ಮೆ. ಆದ್ರ ಅದು ಹಗಲೊತ್ತು" ಎಂದಳು ಕಸ್ತೂರಿ.

ತೌಸೀಫ್ ಅದನ್ನೂ ಬರೆದುಕೊಂಡ. ಮೂಲೆಯ ಪಂಜರದಲ್ಲಿ ಮೊಲಗಳು ಒಂದೇ ಸಮನೆ ಗಜ್ಜರಿ ಕಡಿಯುತ್ತಿದ್ದವು. ಕಟ ಕಟ ಕಟ. ಕಸ್ತೂರಿ ಅತ್ತ ತಿರುಗಿ, "ಇವಕ್ಕ ನೀವು ಮೆತ್ತಗಿಂದ ತಿನ್ರಿ ಅಂತ ಹೇಳಿಲ್ಲೇನ್ರಿ? ನನಗ ಮೂರು ತಿಂಗಳಿಂದ ಬರೇ ಗಂಜಿ, ಅನ್ನಾ ಸಾರು" ಎಂದು ನಗೆಯಾಡಿದಳು.

ಸಿಂಚನಾ ಕೂದಲಿಗೆ ಕೈ ಹಾಕಿದವಳು ಹಾಗೇ ನಿಂತಳು. ಮೊಲಗಳನ್ನು ನೋಡಿದಳು. ತೌಸೀಫನನ್ನು ನೋಡಿದಳು.

"ಎಲ್ಲಾ ರೋಗಿಗಳಿಗೂ ಮೆತ್ತಗಿನ ಊಟ ಹೇಳೇವಿ" ಎಂದಳು ಮೆಲ್ಲಗೆ. "ಅಲುಗಿದ್ರ ಔಷಧಿ ಬಿಡೂ ಲೇಪ ಹಾಕಿ, ಅಲುಗಬ್ಯಾಡ್ರಿ ಅಂತ ಹೇಳಿ ಕಳಿಸೇವಿ."

"ಆದ್ರ ಇವರೂ ಗಂಜೀನ ಕುಡದಾರಲ್ಲ ಮೇಡಂ" ಎಂದ ತೌಸೀಫ್, ಕಸ್ತೂರಿಯ ಕಡೆ ಬೆರಳು ಮಾಡಿ. "ಇವರಿಗೆ ಎಲ್ಲಿಂದ ಬಂತು ಅಲುಗು?"

ಅವನು ಗೋಡೆಯ ಮೇಲೆ ಅವಳ ಚುಕ್ಕೆಯನ್ನು ಒತ್ತಿದ. ಒಂದು ಗೆರೆ ಬಿಚ್ಚಿಕೊಂಡಿತು. ಬೆಳಗ್ಗೆಯಿಂದ ಸಂಜೆವರೆಗೆ ಗರಗಸದ ಹಲ್ಲಿನಂತೆ ಏರಿಳಿತ, ರಾತ್ರಿ ಮಟ್ಟಸ, ವಾರದ ರಜೆಯ ದಿನವೂ ಮಟ್ಟಸ.

"ಡ್ಯೂಟಿ" ಎಂದಳು ಕಸ್ತೂರಿ.

*

ಮರುದಿನ ಸಿಂಚನಾ ಹುಬ್ಬಳ್ಳಿ–ಎರೆಬೂದಿಹಾಳ ಬಸ್ಸು ಹತ್ತಿದಳು. ಮೊಬೈಲಿನಲ್ಲಿ ಕಸ್ತೂರಿಯ ಗೆರೆ ತೆರೆದುಕೊಂಡು, ಎಂಜಿನ್ನಿನ ಪಕ್ಕದ ಸೀಟಿನಲ್ಲಿ ಕೂತಳು. ಡ್ರೈವರ್ ಯಮನೂರಪ್ಪ ನಿವೃತ್ತಿಗೆ ಹತ್ತಿರವಾದ ಮನುಷ್ಯ; ಬಸ್ಸೂ ಅವನ ಓರಗೆಯದೇ. ಅದರ ಬಾಗಿಲನ್ನು ಹಗ್ಗದಿಂದ ಕಟ್ಟಿದ್ದರು.

"ಗಟ್ಟಿ ಹಿಡ್ಕೊಂಡು ಕುಂದರ್ರಿ ಡಾಕ್ಟರ್ ಬಾಯಾರ. ಊರು ದಾಟೂತನಾ ಸರಕಾರದ ರಸ್ತಿ. ಆಮ್ಯಾಲೆ ದೇವರ ರಸ್ತಿ."

ಊರು ದಾಟಿತು. ಎರೆಮಣ್ಣು ಬೇಸಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ಡಾಂಬರು ಹಾಕುವುದೆಂದರೆ ಕುದಿಯುವ ಹಾಲಿನ ಮೇಲಿನ ಕೆನೆಯನ್ನು ನಂಬಿ ನಡೆದಂತೆ. ಮೊದಲ ಗುಂಡಿಗೆ ಸಿಂಚನಾಳ ಕನ್ನಡಕ ಮೂಗಿನ ತುದಿಗೆ ಬಂತು. ಎರಡನೆಯದಕ್ಕೆ ಹಿಂದಿನ ಸೀಟಿನ ಮುದುಕ ತನ್ನ ಕುಂಬಳಕಾಯಿಯೊಡನೆ ಅವಳ ಪಕ್ಕಕ್ಕೇ ಬಂದು ಕೂತ. ಕಸ್ತೂರಿ ಮಾತ್ರ ಯಾವ ಕಂಬಕ್ಕೂ ಆತುಕೊಳ್ಳದೆ, ಎರಡು ಕಾಲು ಅಗಲಿಸಿ ನಿಂತು ಟಿಕೀಟು ಹರಿಯುತ್ತಿದ್ದಳು. ಪ್ರತಿ ಗುಂಡಿಗೂ ಹಿಮ್ಮಡಿಯಿಂದ ಹೊರಟ ಪೆಟ್ಟು ಬೆನ್ನುಹುರಿ ಹತ್ತಿ ದವಡೆಯಲ್ಲಿ ಟಕ್ಕೆನ್ನುತ್ತಿತ್ತು. ಅದೇ ಗಳಿಗೆಗೆ ಮೊಬೈಲಿನ ಗೆರೆ ಜಿಗಿಯುತ್ತಿತ್ತು.

ಹುಚ್ಚಹಳ್ಳದ ಇಳಿಜಾರಿನಲ್ಲಿ ಗೆರೆ ಪರದೆಯಾಚೆಗೇ ಹಾರಿಹೋಯಿತು.

"ಯಮನೂರಪ್ಪನೋರ!" ಎಂದು ಸಿಂಚನಾ ಕೂಗಿದಳು. "ಇನ್ನೊಮ್ಮೆ ಹೋಗ್ರಿ! ಹಿಂದಕ ತಗೊಂಡು ಇನ್ನೊಮ್ಮೆ ಹೋಗ್ರಿ!"

ಡ್ರೈವರು ಕಸ್ತೂರಿಯನ್ನು ಕನ್ನಡಿಯಲ್ಲಿ ನೋಡಿದ. "ಏನವಾ, ಬಾಯಾರಿಗೆ ತಲೀಗೆ ಹತ್ತೇತೇನ ಪೆಟ್ಟು?"

ವಾರದೊಳಗೆ ಬಸ್ಸಿಗೆ ಹೊಸ ಪ್ರಯಾಣಿಕರು ಬಂದರು. ಪಿ.ಟಿ. ಮಾಸ್ತರರೊಬ್ಬರು, ಬ್ಯಾಂಕಿನ ಹುಡುಗಿಯೊಬ್ಬಳು, ಕಾಲೇಜು ಹುಡುಗರು, ಮದುವೆ ಗೊತ್ತಾದ ಒಬ್ಬ ಎಳೆಯ ವಕೀಲ. ಎಲ್ಲರ ಬಾಯಲ್ಲೂ ತಂತಿ, ಸ್ಕ್ರೂ. ಎರೆಬೂದಿಹಾಳದಲ್ಲಿ ಯಾರಿಗೂ ಕೆಲಸವಿಲ್ಲ. ಹೋಗುವುದು, ಬರುವುದು. ಸೀಟಿದ್ದರೂ ನಿಲ್ಲುವುದು. ಮೊದಮೊದಲು ಊರವರು ಇವರನ್ನು ಯಾವುದೋ ಹೊಸ ಪಂಥದವರೆಂದು ತಿಳಿದರು. ವಿಷಯ ತಿಳಿದ ಮೇಲೆ ಸಂತೆಗೆ ಹೋಗುವ ಹೆಂಗಸರು, "ಏ ವಕೀಲಾ, ಹಿಂದಿನ ಗಾಲಿ ಮ್ಯಾಲ ನಿಂದರು, ಅಲ್ಲಿ ಭಾಳ ಎತ್ತಿ ಒಗೀತದ" ಎಂದು ಜಾಗ ತೋರಿಸಿ ಕೊಡತೊಡಗಿದರು. ಹುಚ್ಚಹಳ್ಳ ಬಂದಾಗ ಇಡೀ ಬಸ್ಸು "ಓ" ಎಂದು ಕೂಗುತ್ತಿತ್ತು.

ಗೋಡೆಯ ಹಳದಿ ಒಂದೊಂದಾಗಿ ಹಸಿರಾಯಿತು. ಯುಗಾದಿಗೆ ಸೇರಿದ ಸಮಿತಿ ಗೋಡೆಯನ್ನು ದಿಟ್ಟಿಸಿ ನೋಡಿ, ಗಂಟಲು ಸರಿಪಡಿಸಿಕೊಂಡು, ಹಸಿರು ಉಳಿಯುವವರೆಗೆ ಪ್ರಯೋಗ ನಡೆಯಲಿ ಎಂದಿತು. ಕಸ್ತೂರಿಯ ಹಲ್ಲು ಹಿಂದೆ ಸರಿಯುತ್ತಿತ್ತು. ಒಂದು ಬೆಳಗ್ಗೆ ಕನ್ನಡಿ ಮುಂದೆ ನಿಂತು ತುಟಿ ಕೂಡಿಸಲು ನೋಡಿದಳು. ಕೂಡಲಿಲ್ಲ, ಆದರೆ ನಡುವೆ ಉಳಿದದ್ದು ಒಂದು ಗೋಧಿ ಕಾಳಿನಷ್ಟು ಸಂದು.

*

ಅಷ್ಟರಲ್ಲಿ ರಸ್ತೆ ಮಂಜೂರಾಯಿತು.

ಈ ಸಲ ಡಾಂಬರಲ್ಲ, ಕಾಂಕ್ರೀಟು. ಅದರ ಜೊತೆಗೆ ಸದ್ದಿಲ್ಲದೆ ಓಡುವ ವಿದ್ಯುತ್ ಬಸ್ಸು. ಗಾಳಿ ತುಂಬಿದ ದಿಂಬಿನ ಮೇಲೆ ಕೂರಿಸಿದಂತೆ ಅದರ ಮೈ. ಎರೆಬೂದಿಹಾಳದಲ್ಲಿ ಪಟಾಕಿ ಹಾರಿಸಿದರು.

ಸಿಂಚನಾ ಕಸ್ತೂರಿಯ ಮನೆಗೇ ಬಂದಳು. ಸಂಗವ್ವ ಕೊಟ್ಟ ಚಹಾ ಆರುತ್ತಿತ್ತು.

"ಆರು ತಿಂಗಳ ತಡಾ ಮಾಡ್ರಿ ಅಂತ ಕೇಳೂಣು. ನಾ ಅಧಿಕಾರಿಗಳ ಹತ್ರ ಹೋಗತೀನಿ. ನೀವೂ ಬರ್ರಿ. ರೋಗಿ ಬಾಯಿಂದ ಕೇಳಿದ್ರ ಅದರ ತೂಕಾನ ಬ್ಯಾರೆ. ಈಗ ನಿಮ್ಮ ಮೂಳಿಗೆ ಔಷಧಿ ನಿಂತ್ರ ಸ್ಪ್ರಿಂಗ್ ಎಳದು ಎಳದು ಸ್ಕ್ರೂ ಕಿತ್ತ ಹಾಕತದ."

"ಇಷ್ಟು ಹಾದಿ ಬಂದೀಯವಾ, ಹೋಗಿ ಬಾ" ಎಂದಳು ಸಂಗವ್ವ. ಅವಳು ಸೊಸೆಯ ಪರವಾಗಿ ಮಾತಾಡಿದ್ದು ಅದೇ ಮೊದಲೇನೋ. ಆಡಿದ ಮೇಲೆ ತಾನೇ ಬೆಚ್ಚಿದಂತೆ ಸೆರಗು ಸರಿಮಾಡಿಕೊಂಡಳು.

ಕಸ್ತೂರಿ ಅತ್ತೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಅಂದಳು:

"ಮೇಡಂ, ಹ್ವಾದ ಮಳಿಗಾಲದಾಗ ಹುಚ್ಚಹಳ್ಳದಾಗ ಬಸ್ಸು ಸಿಕ್ಕೊಂಡು ನಿಂತಿತ್ತು. ಹಿಂದಿನ ಸೀಟಿನ್ಯಾಗ ಒಬ್ಬಾಕಿ ಹಡದ್ಲು. ಕೂಸು ನನ್ನ ಕೈಯಾಗ ಬಂತು. ಟಿಕೀಟಿನ ಮಷಿನ್ ಕೊಳ್ಳಾಗ ಜೋತಾಡಾಕತ್ತಿತ್ತು, ಅದನ್ನ ತಗದಿಡಾಕೂ ಪುರಸತ್ತಿರಲಿಲ್ಲ. ಇಬ್ಬರೂ ಉಳದ್ರು. ಉಳಿಯದ ಇರಬಹುದಿತ್ತು. ಆಕೀ ಊರಾಗ ಹೋಗಿ ನಾ ಏನಂತ ಹೇಳ್ಲಿ? ನನ್ನ ಹಲ್ಲು ಒಳಗ ಹೋಗೂತನಾ ನೀವು ಗುಂಡ್ಯಾಗ ಹಡೀರಿ ಅಂತನಾ?"

ಸಿಂಚನಾಳ ಮುಖ ಕೆಂಪಾಯಿತು. ಗಟಗಟ ಚಹಾ ಕುಡಿದುಬಿಟ್ಟಳು.

"ಆಗ್ಲಿ ರಸ್ತಿ. ನಾವು ಬ್ಯಾರೆ ಏನರ ಹುಡುಕೂಣು" ಎಂದು ಎದ್ದಳು.

ಬೇರೆ ಏನು ಹುಡುಕಿದರೂ ನಡೆಯಲಿಲ್ಲ. ಹೊಸ ರಸ್ತೆಯ ಮೇಲೆ ಹೊಸ ಬಸ್ಸು ಬೆಣ್ಣೆಯ ಮೇಲೆ ಚಾಕು ಜಾರಿದಂತೆ ಹೋಗುತ್ತಿತ್ತು. ಪ್ರಯಾಣಿಕರು ಹತ್ತಿದೊಡನೆ ನಿದ್ದೆ ಹೋಗುತ್ತಿದ್ದರು. ಅವರನ್ನು ಎಬ್ಬಿಸಿ ಇಳಿಸುವುದೇ ಕಸ್ತೂರಿಗೆ ಹೊಸ ಕೆಲಸ. ಯಮನೂರಪ್ಪನಿಗೆ ಕೈ ಕಾಲಿಗೆ ಕೆಲಸವಿಲ್ಲದೆ ಹಾಡು ಹೇಳುವ ಚಟ ಹತ್ತಿತು. ಗೋಡೆಯ ಚುಕ್ಕೆಗಳು ಮೆಲ್ಲಗೆ ಬಣ್ಣಗೆಟ್ಟವು.

ಬಸು ಹೆಂಡತಿಯನ್ನು ಗಿರಣಿಗೆ ಕರೆದುಕೊಂಡು ಹೋದ. "ಇದರಕಿಂತ ಹೆಚ್ಚಿಗೆ ಅಲುಗೂದು ಊರಾಗ ಮತ್ತ್ಯಾವುದೈತಿ?" ಎಂದು ಜೋಳ ಸುರಿಯುವ ಡಬ್ಬಿಯ ಅಂಚಿಗೆ ಅವಳ ಗದ್ದ ಆನಿಸಿ ನಿಲ್ಲಿಸಿದ. ಕಸ್ತೂರಿ ಕಣ್ಣು ಮುಚ್ಚಿ ದಿನಾ ಅಷ್ಟಷ್ಟು ಹೊತ್ತು ನಿಂತಳು. ಬೀಸಲು ಬಂದವರು ಹಿಟ್ಟಿನೊಳಗಿಂದ ಎದ್ದ ದೆವ್ವವನ್ನು ಕಂಡಂತೆ ಗಾಬರಿಯಾದರು. ಬಿಗಿ ಮಾತ್ರ ಒಂದು ಕೂದಲೆಳೆಯಷ್ಟೂ ಏರಲಿಲ್ಲ.

"ಗಿರಣಿದು ಒಂದ ಸಮನ ಗುಂಯ್‌ಗುಡೂ ನಡುಕ" ಎಂದು ತೌಸೀಫ್ ತಲೆ ಕೆರೆದುಕೊಂಡ. ಅವನು ಕಾಲೇಜಿನಲ್ಲಿ ಮಾಡಿಸಿದ ಅಲುಗುವ ಕುರ್ಚಿಯೂ ಹಾಗೇ ಸೋತಿತ್ತು. "ಮೂಳಿ ಒಂದೆರಡು ದಿನಾ ಕೇಳತೈತಿ, ಆಮ್ಯಾಲೆ ಕಿವೀಗೆ ಹಾಕ್ಕೊಳಂಗಿಲ್ಲ. ಪೆಟ್ಟು ಬೀಳಬೇಕು, ಮತ್ತ ಸುಮ್ಮನಾಗಬೇಕು, ಮತ್ತ ಗೊತ್ತಿಲ್ಲದಂಗ ಬೀಳಬೇಕು. ಒಂದು ಇದ್ದಂಗ ಇನ್ನೊಂದು ಇರಬಾರದು. ಆ ಲೆಕ್ಕಾ ಕೂಡಸಾಕ ಒದ್ದಾಡಾಕತ್ತೀನಿ ವಯನಿ." ಕಸ್ತೂರಿಯನ್ನು ಅವನು ಈಗೀಗ ಅತ್ತಿಗೆಯೆಂದೇ ಕರೆಯುತ್ತಿದ್ದ.

"ನಮ್ಮ ಅತ್ತಿ ಬೈಗಳದಂಗ ಅನ್ರಿ" ಎಂದಳು ಕಸ್ತೂರಿ. ಆದರೆ ಒಳಗೆ ಅವಳಿಗೆ ಮಾತು ಸಾಕಾಗಿತ್ತು. ಎಡಗಡೆಯ ಚುಕ್ಕೆ ಹಳದಿಗೆ ತಿರುಗಿತ್ತು. ಇನ್ನು ಹತ್ತು ದಿನ ನೋಡಿ, ಇಳಿತ ನಿಲ್ಲದಿದ್ದರೆ ಸ್ಪ್ರಿಂಗ್ ಬಿಚ್ಚಬೇಕಾಗುತ್ತದೆ ಎಂದು ಸಿಂಚನಾ ಹೇಳಿದಳು. ಅವತ್ತು ಮನೆಗೆ ಬಂದು ಕಸ್ತೂರಿ ರೊಟ್ಟಿ ಬಡಿದಳು. ಸಂಗವ್ವ ಬಾಗಿಲಲ್ಲಿ ನಿಂತು ನೋಡಿದಳು. ಸೊಸೆ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದೆ, ಹತ್ತಿರ ಬಂದು ಕೆನ್ನೆ ಮುಟ್ಟಿ ನೋಡಿದಳು. ಒದ್ದೆಯಾಗಿತ್ತು.

*

ಎರಡು ದಿನ ಬಿಟ್ಟು, ಬೆಳಗಿನ ಟ್ರಿಪ್ಪು. ಕಸ್ತೂರಿ ನಡುಬಸ್ಸಿನಲ್ಲಿ ನಿಂತು ಚಿಲ್ಲರೆ ಎಣಿಸುತ್ತಿದ್ದಳು. ಯಮನೂರಪ್ಪ ಹಾಡಿನ ಎರಡನೆಯ ಸಾಲಿನಲ್ಲಿದ್ದ. ಇದ್ದಕ್ಕಿದ್ದಂತೆ ಬಸ್ಸಿನ ಮೂಗು ಆಕಾಶಕ್ಕೆ ಎದ್ದು ಧಡಾರೆಂದು ಬಿತ್ತು. ಹಿಂಗಾಲಿಯೂ ಎದ್ದು ಬಿತ್ತು. ಚಿಲ್ಲರೆ ಚೆಲ್ಲಾಪಿಲ್ಲಿ. ಕಸ್ತೂರಿ ಬ್ಯಾಡಗಿ ಮೆಣಸಿನಕಾಯಿಯ ಚೀಲದ ಮೇಲೆ ಹೋಗಿ ಕೂತಿದ್ದಳು. ನಿದ್ದೆಯಲ್ಲಿದ್ದವರೆಲ್ಲ ಎದ್ದು ಒಬ್ಬರನ್ನೊಬ್ಬರು ಬೈಯತೊಡಗಿದರು.

ಯಮನೂರಪ್ಪ ಕೆಳಗಿಳಿದ. ದಾರಿಯ ಒಂದು ಊರಿನ ಮುಂದೆ, ಹೊಸ ಕಾಂಕ್ರೀಟಿನ ಅಡ್ಡಕ್ಕೆ, ಇನ್ನೂ ಹಸಿ ಆರದ ಒಂದು ದಿಂಡು ಸಿಮೆಂಟು ಮಲಗಿತ್ತು. ಎಮ್ಮೆ ಅಡ್ಡ ಮಲಗಿದಷ್ಟು ಎತ್ತರ.

"ಯಾರಲೇ ಇದನ್ನ ಹಾಕಿದಾವ್ರು?"

"ನಾವ ಹಾಕೀವಿ" ಎಂದು ಕಟ್ಟೆಯ ಮೇಲೆ ಕೂತವರಲ್ಲೊಬ್ಬ ಎದೆಯುಬ್ಬಿಸಿ ಹೇಳಿದ. "ರಸ್ತಿ ನುಣ್ಣಗಾದ ಮ್ಯಾಲ ಗಾಡಿಗೋಳು ಹಾರಾಕತ್ತಾವು. ಎರಡು ಕೋಳಿ ಹ್ವಾದ್ವು, ಒಂದು ಟಗರಿನ ಕಾಲು ಹ್ವಾತು. ಇನ್ನ ಮ್ಯಾಲ ಹೆಂಗ ಹಾರತಾರ ನೋಡೂಣು."

ಆ ಊರಿಗೆ ಹಂಪು ಬಿದ್ದ ಮೇಲೆ ಮುಂದಿನ ಊರು ಸುಮ್ಮನಿದ್ದೀತೆ? ಅವರು ಶಾಲೆಯ ಮುಂದೆ ಒಂದು, ಗುಡಿಯ ಮುಂದೆ ಒಂದು ಹಾಕಿದರು. ಅದರಾಚೆಯ ಊರಿನಲ್ಲಿ ಪಂಚಾಯ್ತಿ ಸದಸ್ಯರ ಮನೆಯ ಮುಂದೆ ಒಂದಾಯಿತು. ಸೋತ ಸದಸ್ಯರು ಬಿಡಲಿಲ್ಲ, ತಮ್ಮ ಮನೆಯ ಮುಂದೆ ಇನ್ನೂ ನಾಲ್ಕು ಬೆರಳು ಎತ್ತರದ್ದು ಹಾಕಿಸಿದರು. ಚಹಾದಂಗಡಿಯವನೊಬ್ಬ ಗಾಡಿಗಳು ನಿಧಾನವಾದರೆ ಗಿರಾಕಿ ಬರುತ್ತಾರೆಂದು ಮೂರು ಸಾಲು ಕಲ್ಲು ಹೂಳಿದ. ಒಂದೆಡೆ ಸಿಮೆಂಟು ಸಾಲದೆ ಹಳೇ ಬಂಡಿಯ ಅಚ್ಚೇ ರಸ್ತೆಗೆ ಸೇರಿತು. ಒಂದರ ಎತ್ತರ ಇನ್ನೊಂದಕ್ಕಿಲ್ಲ, ಒಂದರ ಅಗಲ ಇನ್ನೊಂದಕ್ಕಿಲ್ಲ. ಇವತ್ತು ಇಲ್ಲದ್ದು ನಾಳೆ ಇರುತ್ತಿತ್ತು. ನಡುನಡುವೆ ಮಾತ್ರ ಬೆಣ್ಣೆಯಂಥ ರಸ್ತೆ.

ಹೊಸ ಬಸ್ಸಿನ ಗಾಳಿದಿಂಬು ಗುಂಡಿಗಳಿಗಾಗಿ ಮಾಡಿದ್ದು. ಎರೆಬೂದಿ ಸೀಮೆಯ ಸ್ವಾಭಿಮಾನಕ್ಕಾಗಿ ಮಾಡಿದ್ದಲ್ಲ.

ತೌಸೀಫ್ ಫೋನು ಮಾಡಿದಾಗ ಕಸ್ತೂರಿ ಟಿಕೀಟು ಕೊಡುತ್ತಿದ್ದಳು. ಅವನು ಹಲೋ ಎನ್ನಲೂ ಬಿಡಲಿಲ್ಲ. "ವಯನಿ, ಏನು ಮಾಡಾಕತ್ತೀರಿ ನೀವು? ನಿಮ್ಮ ಗೆರಿ ನೋಡ್ರಿ! ಪೆಟ್ಟು, ಸುಮ್ಮನ, ಪೆಟ್ಟು, ಪೆಟ್ಟು, ಸುಮ್ಮನ... ನಾ ಕಂಪ್ಯೂಟರಿನ್ಯಾಗ ಹುಡುಕಾಕತ್ತಿದ್ದ ಲೆಕ್ಕಾ ಇದ! ಹಳೇ ರಸ್ತಿಗಿಂತ ಚಲೋ ಐತಿ. ಎಡಗಡೆದು ಹಸಿರಾಗಾಕತ್ತೇತಿ! ಯಾರು ಮಾಡ್ಯಾರ ಈ ಯಂತ್ರಾ?"

"ಇಲ್ಲಿ ಎಲ್ಲಾರೂ ಕೂಡಿ ಮಾಡ್ಯಾರ" ಎಂದಳು ಕಸ್ತೂರಿ. "ಯಾಕ ಮಾಡೇವಂತ ಅವರಿಗೂ ಗೊತ್ತಿಲ್ಲ."

ತಂತಿಬಾಯಿಯವರ ಪಡೆ ಮತ್ತೆ ಬಸ್ಸು ಹತ್ತಿತು. ವಕೀಲನ ಮದುವೆಗೆ ಮೂರೇ ವಾರ ಉಳಿದಿತ್ತು. ಅವನು ದಿನಕ್ಕೆರಡು ಟ್ರಿಪ್ಪು ಹೊಡೆದ. ರಸ್ತೆ ಇಲಾಖೆಯಿಂದ ಹಂಪು ತೆಗೆಸಲು ಜನ ಬಂದಾಗ ಊರವರಿಗೆ ಬೇಡವೆನ್ನಲು ಮೊದಲ ಬಾರಿಗೆ ಬಲವಾದ ಕಾರಣ ಸಿಕ್ಕಿತ್ತು. ಚಹಾದಂಗಡಿಯವನು ಆಗಲೇ ಹಲಗೆ ಬರೆಸಿ ನೆಟ್ಟಿದ್ದ: "ವೈದ್ಯಕೀಯ ಹಂಪು. ಹಲ್ಲಿಗೆ ಉತ್ತಮ. ಚಹಾ ದೊರೆಯುತ್ತದೆ." ಬಂದವರು ಹಲಗೆ ಓದಿದರು, ಚಹಾ ಕುಡಿದರು, ಬಸುರಿಯರಿಗೂ ಮುದುಕರಿಗೂ ತ್ರಾಸಾಗದಂತೆ ಎತ್ತರ ಮಾತ್ರ ತುಸು ತಗ್ಗಿಸಿ ಹೋದರು. ಕಸ್ತೂರಿಯೇ ಮುಂದೆ ನಿಂತು ಯಾವುದೆಷ್ಟು ತಗ್ಗಬೇಕೆಂದು ತೋರಿಸಿದಳು.

ಸ್ಪ್ರಿಂಗು ಎಳೆಯುತ್ತ ಹೋಯಿತು. ಗೂಟ ಕದಲಲಿಲ್ಲ.

*

ಹಲ್ಲುಗಳು ಜಾಗಕ್ಕೆ ಬಂದು ಕೂತವು. ಇನ್ನು ಸ್ಕ್ರೂ ತೆಗೆಯುವುದಕ್ಕೂ ಒಂದು ಕ್ರಮವಿತ್ತು. ಪೆಟ್ಟು ನಿಂತರೆ ಔಷಧಿ ನಿಲ್ಲುತ್ತದೆ. ಔಷಧಿ ನಿಂತ ಮೇಲೆ ಮೂಳೆ ತಾನಾಗಿ ಹಿಡಿ ಸಡಿಲ ಮಾಡುತ್ತದೆ. ಅದಕ್ಕೆ ಕಸ್ತೂರಿ ರಜೆ ಹಾಕಿ ಮನೆಯಲ್ಲಿ ಕೂತಳು. ಸಂಗವ್ವ ಅವಳಿಗೆ ಮೆತ್ತನೆಯ ಹೋಳಿಗೆ ತಿನ್ನಿಸಿದಳು, ಕಸ ಹೊಡೆಯಲೂ ಬಿಡಲಿಲ್ಲ. ಬೈಯುವುದನ್ನು ಕೂಡ ನಿಲ್ಲಿಸಿದಳು. ಯಾರಿಗೆ ಗೊತ್ತು, ಅದಕ್ಕೂ ಮೂಳೆ ಎಚ್ಚೆತ್ತೀತು. ಕೊನೆಗೆ ಸಿಂಚನಾ ಎರಡೂ ಸ್ಕ್ರೂಗಳನ್ನು ನಾಲ್ಕೇ ಸುತ್ತಿನಲ್ಲಿ ಹೊರತೆಗೆದು ಬಟ್ಟಲಿಗೆ ಹಾಕಿದಳು. ತಂತಿಗಳನ್ನೂ ಬಿಚ್ಚಿದಳು. ಕನ್ನಡಿ ಕೊಡಲು ಹೋದರೆ ಕಸ್ತೂರಿ ತೆಗೆದುಕೊಳ್ಳಲಿಲ್ಲ. ತುಟಿಗೆ ತುಟಿ ತಾಗಿದ್ದು ಅವಳಿಗೆ ಗೊತ್ತಾಗಿತ್ತು. ಒಳಗೆ ಗಾಳಿ ಬರದೆ, ಬಾಯಿ ಒಂದು ಪುಟ್ಟ ಕೋಣೆಯಂತೆ ಬೆಚ್ಚಗಿತ್ತು.

ಮರುದಿನ ಡ್ಯೂಟಿಗೆ ಬಂದಳು. ಹೊಸಬಾಯಿಯ ರುಚಿ ಬಿಡಲಾರದೆ ಮುಚ್ಚಿಕೊಂಡೇ ಟಿಕೀಟು ಕೊಡುತ್ತ ಹೋದಳು. ಕೊನೆಯ ಸೀಟಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡ ಒಬ್ಬ ಪುಂಡ ಹುಡುಗ ಕಿಟಕಿಯಾಚೆ ನೋಡುತ್ತಿದ್ದ. ಟಿಕೀಟು ತೆಗೆಸಿರಲಿಲ್ಲ. ಕಸ್ತೂರಿ ಅವನ ಮುಂದೆ ಹೋಗಿ ನಿಂತಳು. ಸುಮ್ಮನೆ ನೋಡಿದಳು.

ಹುಡುಗನ ಕಿವಿಯ ವೈರು ಕೆಳಗೆ ಬಿತ್ತು. "ತಗೋತೀನ್ರಿ ಅಕ್ಕಾರ. ಇದs ತಗೋಳಾವ ಇದ್ದೆ... ಸಿಟ್ಟಾಗಬ್ಯಾಡ್ರಿ."

ಅವನ ಪಕ್ಕದ ಮುದುಕಿ ಕಣ್ಣು ಕಿರಿದು ಮಾಡಿ ಕಸ್ತೂರಿಯನ್ನು ನೋಡಿದಳು. "ಯಾಕ ಯವ್ವಾ? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?"

ಆ ಮಾತು ಸೀಟಿನಿಂದ ಸೀಟಿಗೆ ಮುಂದಕ್ಕೆ ಹೋಯಿತು. ಕಸ್ತೂರಿಗೆ ಏನೋ ಆಗಿದೆಯಂತೆ. ಯಾರೋ ಏನೋ ಅಂದರಂತೆ. ಮೂರನೆಯ ಸಾಲು ದಾಟುವಷ್ಟರಲ್ಲಿ ಅವಳ ಅತ್ತೆ ತೀರಿಕೊಂಡಾಗಿತ್ತು. ಯಮನೂರಪ್ಪ ಬಸ್ಸನ್ನು ನಟ್ಟನಡು ರಸ್ತೆಯಲ್ಲೇ ನಿಲ್ಲಿಸಿ, ಪಂಚೆ ಎತ್ತಿಕಟ್ಟುವವನಂತೆ ಪ್ಯಾಂಟು ಎಳೆದುಕೊಳ್ಳುತ್ತ ಹಿಂದೆ ಬಂದ.

"ಯಾರಂದ್ರವಾ ನಿನಗ? ತೋರ್ಸು. ನಿನ್ನ ಮುಖ ಹಿಂಗ ನಾ ಒಂದು ದಿನಾನೂ ನೋಡಿಲ್ಲ."

ಎಲ್ಲರೂ ಎದ್ದು ನಿಂತಿದ್ದರು. ಪಿ.ಟಿ. ಮಾಸ್ತರರು ಪುಂಡ ಹುಡುಗನ ಕಾಲರಿಗೆ ಆಗಲೇ ಕೈ ಹಾಕಿದ್ದರು. ಕಸ್ತೂರಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬಾಯಿ ಬಿಗಿದು ಹಿಡಿದಳು, ಇನ್ನೂ ಬಿಗಿದಳು. ಮೊದಲು ತುಟಿಯ ಒಂದು ಮೂಲೆ ನಡುಗಿತು, ಆಮೇಲೆ ಇನ್ನೊಂದು, ಆಮೇಲೆ ಕೆನ್ನೆ, ಕಣ್ಣು. ಇಷ್ಟು ವರ್ಷ ಅವಳೊಡನೆ ಓಡಾಡಿದ ಜನ, ನಗು ಅವಳ ಮುಖಕ್ಕೆ ಎಲ್ಲಿಂದ ಬರುತ್ತದೆಂಬುದನ್ನು ಮೊದಲ ಸಲ ಕಂಡರು. ಅದು ಬಂದು ಮುಟ್ಟುವವರೆಗೂ ಯಾರೂ ಉಸಿರು ಬಿಡಲಿಲ್ಲ.

ಬಂದ ಮೇಲೆ ಅವಳು ಟಿಕೀಟು ಮಷಿನ್ನು ಅಪ್ಪಿಕೊಂಡು, ಸೀಟಿನ ಕಂಬ ಹಿಡಿದು, ಬಗ್ಗಿ ಬಗ್ಗಿ ನಕ್ಕಳು. ಹಿಂದೆ ನಿಂತ ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ. ಬಸ್ಸು ಬಹಳ ಹೊತ್ತು ಹೊರಡಲಿಲ್ಲ.